ಹೊಗೆ ಹೋಯ್ತು ಸರಿ, ಎಲ್ಲಿಗೆ ಹೋಯ್ತು?

ಇಲ್ಲಿ ಏನೂ ಬರೆಯದೆ ಬಹಳ ದಿನವಾಯ್ತು. ಇವತ್ತು ಬರೆಯೋಕೆ ಕಾರಣ ನನ್ನ ತಮ್ಮ. ಬೆಂಗಳೂರಿನಲ್ಲಿ ಹೊಸದಾಗಿ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡಿದ್ದಾನೆ. ಮೊನ್ನೆ ಫೋನಿನಲ್ಲಿ "ಅಣ್ಣಾ, ಹೊಗೆ ಅನ್ನೋದೇ ಇಲ್ಲ ಗೊತ್ತಾ!" ಅಂತ ಹಿಗ್ಗಿ ಹೇಳಿದ. ನನಗೂ ಖುಷಿಯಾಯ್ತು. ಆದರೆ ಫೋನ್ ಇಟ್ಟ ಮೇಲೆ ಜೋಯೆಲ್ ಟಾರ್ ನೆನಪಾಗಿ ತಲೆಯಲ್ಲಿ ಹುಳ ಕೊರೆಯೋಕೆ ಶುರುವಾಯ್ತು.

ಟಾರ್ ಇತಿಹಾಸಕಾರರು. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. ರಾಜರು, ಯುದ್ಧಗಳನ್ನು ಬಿಟ್ಟು ಚರಂಡಿ, ಹೊಗೆ, ಕಲ್ಲಿದ್ದಲು, ಕುದುರೆ ಲದ್ದಿಯ ಇತಿಹಾಸ ಬರೆದವರು!

ಅಮೆರಿಕದಲ್ಲಿರುವ ನಮ್ಮವರಿಗೆ ಪಿಟ್ಸ್‌ಬರ್ಗ್ ಅಂದರೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ನಾನೂ ಮೊದಲು ಹೋಗಿದ್ದು ಅದಕ್ಕೇ. ದರ್ಶನ ಮುಗಿಸಿ ಮೌಂಟ್ ವಾಷಿಂಗ್ಟನ್ ಗುಡ್ಡದ ಮೇಲೆ ನಿಂತು ನೋಡಿದರೆ ಕೆಳಗೆ ಎರಡು ನದಿ ಸೇರಿ ಓಹಾಯೋ ನದಿಯಾಗುವ ಸಂಗಮ, ಸುತ್ತ ಹಸಿರು, ಮೇಲೆ ನೀಲಿ ಆಕಾಶ. ಇದೇ ಊರಿನಲ್ಲಿ 1940ರ ದಶಕದಲ್ಲಿ ಮಟಮಟ ಮಧ್ಯಾಹ್ನ ಬೀದಿ ದೀಪ ಹಚ್ಚಬೇಕಾಗುತ್ತಿತ್ತು ಅಂದರೆ ನಂಬೋದು ಕಷ್ಟ. ಉಕ್ಕಿನ ಕಾರ್ಖಾನೆ, ರೈಲು, ಮನೆ ಒಲೆ ಎಲ್ಲಕ್ಕೂ ಕಲ್ಲಿದ್ದಲು. ಕೆಥೆಡ್ರಲ್ ಆಫ್ ಲರ್ನಿಂಗ್ ಅನ್ನೋ ದೊಡ್ಡ ಕಟ್ಟಡಕ್ಕೆ ಹಿಡಿದಿದ್ದ ಮಸಿಯನ್ನು ತೊಳೆದದ್ದು 2007ರಲ್ಲಿ!

ಊರು ಶುದ್ಧವಾದ ಕಥೆಯನ್ನು ಸಾಮಾನ್ಯವಾಗಿ ಹೀಗೆ ಹೇಳ್ತಾರೆ: 1941ರಲ್ಲಿ ಹೊಗೆಯ ವಿರುದ್ಧ ಕಾನೂನು ಬಂತು, ಯುದ್ಧದಿಂದಾಗಿ ತಡವಾಗಿ 1946ರಲ್ಲಿ ಕಾರ್ಖಾನೆಗಳಿಗೆ, 1947ರಲ್ಲಿ ಮನೆಗಳಿಗೆ ಜಾರಿಯಾಯ್ತು, ಹೊಗೆ ಹೋಯ್ತು. ಟಾರ್ ಇಷ್ಟಕ್ಕೆ ಬಿಡೋದಿಲ್ಲ. ಜನ ಹೊಗೆ ಕಡಿಮೆ ಬಿಡುವ ಕಲ್ಲಿದ್ದಲಿಗೆ ಬದಲಾಗ್ತಾರೆ ಅಂತ ಕಾನೂನು ಮಾಡಿದವರು ಅಂದುಕೊಂಡಿದ್ದರು. ಆದರೆ ಅದೇ ಹೊತ್ತಿಗೆ ನೈರುತ್ಯ ರಾಜ್ಯಗಳಿಂದ ಪೈಪಿನಲ್ಲಿ ಅಗ್ಗದ ನೈಸರ್ಗಿಕ ಅನಿಲ ಬಂತು, ಉಗಿಬಂಡಿ ಹೋಗಿ ಡೀಸೆಲ್ ಎಂಜಿನ್ ಬಂತು. ಕಾನೂನು ದಾರಿ ತೋರಿಸಿತು, ಊರನ್ನು ಆ ದಾರಿಯಲ್ಲಿ ವೇಗವಾಗಿ ಓಡಿಸಿದ್ದು ಹೊಸ ಇಂಧನ. ತಮಾಷೆ ಅಂದರೆ ಇದು ಮೊದಲ ಸಲವೂ ಅಲ್ಲ. 1880ರ ದಶಕದಲ್ಲಿ ಹತ್ತಿರದಲ್ಲೇ ಅನಿಲ ಸಿಕ್ಕಿ ಊರಿನ ಗಾಳಿ ಒಮ್ಮೆ ತಿಳಿಯಾಗಿತ್ತು. ಅನಿಲ ಬರಿದಾಗುತ್ತಿದ್ದಂತೆ ಕಲ್ಲಿದ್ದಲು, ಹೊಗೆ ಎರಡೂ ವಾಪಸ್ಸು!

ಅವರ ಮುಖ್ಯ ಪುಸ್ತಕ 1996ರ 'ದ ಸರ್ಚ್ ಫಾರ್ ದ ಅಲ್ಟಿಮೇಟ್ ಸಿಂಕ್'. ನಾನು ಅದನ್ನು 'ಕೊನೆಯ ಬಚ್ಚಲಿನ ಹುಡುಕಾಟ' ಅಂತ ಕರೆಯುತ್ತೇನೆ. ಕೊಳೆಯನ್ನೆಲ್ಲ ಸುರಿದು ಕೈ ತೊಳೆದುಕೊಳ್ಳಬಹುದಾದ ಒಂದು ಜಾಗಕ್ಕಾಗಿ ಊರುಗಳು ಹುಡುಕುತ್ತಲೇ ಇವೆ, ಅಂಥ ಜಾಗ ಸಿಕ್ಕೇ ಇಲ್ಲ ಅನ್ನೋದು ಅದರ ಸಾರ. ಮನೆಗಳಿಗೆ ನಲ್ಲಿ ಬಂದಾಗ ಹಿತ್ತಲಿನ ಗುಂಡಿಗಳು ತುಂಬಿ ಹರಿದವು. ಒಳಚರಂಡಿ ಕಟ್ಟಿ ನದಿಗೆ ಬಿಟ್ಟರು. ಮೇಲಿನ ಊರಿನ ಚರಂಡಿ ಕೆಳಗಿನ ಊರಿನ ಕುಡಿಯುವ ನೀರಾಯ್ತು, ಟೈಫಾಯ್ಡ್ ಬಂತು. ಪಿಟ್ಸ್‌ಬರ್ಗ್ 1907ರ ಕೊನೆಗೆ ಕುಡಿಯುವ ನೀರನ್ನು ಸೋಸಲು ಶುರುಮಾಡಿ ಜೀವ ಉಳಿಸಿಕೊಂಡಿತು. ಆದರೆ ತನ್ನ ಕೊಳಚೆಯನ್ನು ಶುದ್ಧ ಮಾಡಿ ನದಿಗೆ ಬಿಡೋಕೆ ಶುರುಮಾಡಿದ್ದು 1950ರ ದಶಕದ ಕೊನೆಗೆ. ಅರ್ಧ ಶತಮಾನ ಕೆಳಗಿನ ಊರಿನವರು ಏನು ಕುಡಿದರು?

ಕುದುರೆ ಕಥೆಯೂ ಅಷ್ಟೆ. ಒಂದು ಕುದುರೆ ದಿನಕ್ಕೆ ಏಳರಿಂದ ಹದಿನಾಲ್ಕು ಕೆ.ಜಿ. ಲದ್ದಿ ಹಾಕುತ್ತಿತ್ತು. ನೊಣ, ವಾಸನೆ, ರಸ್ತೆಯಲ್ಲೇ ಸತ್ತು ಬಿದ್ದ ಕುದುರೆಗಳು. ಮೋಟಾರು ಕಾರು ಬಂದಾಗ ಜನ ಅದನ್ನು ಸ್ವಚ್ಛ ವಾಹನ ಅಂತ ಸ್ವಾಗತಿಸಿದರು! ಆಮೇಲೆ ಆ ಕಾರಿನ ಪೆಟ್ರೋಲಿಗೆ ಸೀಸ ಸೇರಿತು. ನಮ್ಮ ದೇಶದಲ್ಲಿ ಅದು ನಿಂತಿದ್ದು 2000ನೇ ಇಸವಿಯಲ್ಲಿ.

ಈಗ ತಮ್ಮನ ಸ್ಕೂಟರಿಗೆ ಬರ್ತೀನಿ. ಕರ್ನಾಟಕದಲ್ಲಿ ಬಿಸಿಲು, ಗಾಳಿ, ನೀರಿನಿಂದ ಸಾಕಷ್ಟು ವಿದ್ಯುತ್ ಬರುತ್ತೆ, ಅದು ನಿಜವಾಗಿಯೂ ಹೆಮ್ಮೆಯ ವಿಷಯ. ಆದರೆ ಅವನು ಚಾರ್ಜಿಗೆ ಹಾಕೋದು ರಾತ್ರಿ. ಆ ಹೊತ್ತಿಗೆ ಸೂರ್ಯನಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯಲ್ಲಿ ಕಲ್ಲಿದ್ದಲು ಉರಿಯುತ್ತಿರುತ್ತೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಬೂದಿಯೇ. ಅದು ಬೆಂಗಳೂರಿಗೆ ಬರೋದಿಲ್ಲ. ವಿದ್ಯುತ್ ಮಾತ್ರ ತಂತಿಯಲ್ಲಿ ಬರುತ್ತೆ, ಬೂದಿ ಹಾರೋದು ಅಲ್ಲಿಯವರ ಅಂಗಳಕ್ಕೆ.

ಹಾಗಂತ ಪೆಟ್ರೋಲ್ ಗಾಡಿಯೇ ವಾಸಿ ಅಂತ ನಾನು ಹೇಳ್ತಿಲ್ಲ. (ಕಾಮೆಂಟಿನಲ್ಲಿ ಜಗಳಕ್ಕೆ ಬರಬೇಡಿ :-)) ಕುದುರೆ ಗಾಡಿಗೆ ವಾಪಸ್ಸು ಹೋಗಬೇಕು ಅಂತ ಟಾರ್ ಕೂಡ ಹೇಳಿಲ್ಲ. ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತ ಮಗುವಿನ ಶ್ವಾಸಕೋಶ ಉಳಿಯೋದು ಸಣ್ಣ ಲಾಭವಲ್ಲ. ನನ್ನ ತಕರಾರು 'ಇಲ್ಲ' ಅನ್ನೋ ಮಾತಿನ ಬಗ್ಗೆ. ಹೊಗೆ ಇಲ್ಲ ಅಂದುಕೊಂಡರೆ ಶಕ್ತಿನಗರದ ಪಕ್ಕದ ಹಳ್ಳಿಯವರು ಬೂದಿಯ ಬಗ್ಗೆ ದೂರು ಕೊಟ್ಟಾಗ ಅದು ಅವರ ಸಮಸ್ಯೆ ಅನಿಸುತ್ತೆ. ಹೊಗೆ ಜಾಗ ಬದಲಿಸಿದೆ ಅಂತ ಗೊತ್ತಿದ್ದರೆ ಅದು ನಮ್ಮ ಲೆಕ್ಕಕ್ಕೂ ಸೇರುತ್ತೆ. ಆಗ ಬೂದಿಗೆ ಸರಿಯಾದ ವ್ಯವಸ್ಥೆ ಮಾಡಿ, ರಾತ್ರಿಗೂ ಬಿಸಿಲಿನ ವಿದ್ಯುತ್ ಕೂಡಿಡಿ ಅಂತ ಬೆಂಗಳೂರಿನವರೂ ಕೇಳಬೇಕಾಗುತ್ತೆ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. "ಸರಿ ಅಣ್ಣಾ, ಹಗಲು ಆಫೀಸಿನಲ್ಲೇ ಚಾರ್ಜ್ ಮಾಡ್ತೀನಿ ಬಿಡು" ಅಂದ. ಸದ್ಯಕ್ಕೆ ಅಷ್ಟಾದರೂ ಆಯ್ತಲ್ಲ! ನಿಮ್ಮ ಮನೆಯ ಕೊಳೆ, ಹೊಗೆ, ಬೂದಿ ಯಾರ ಅಂಗಳಕ್ಕೆ ಹೋಗುತ್ತೆ ಅಂತ ನಿಮಗೆ ಗೊತ್ತಾ? ಗೊತ್ತಿದ್ದರೆ ಬರೀರಿ.