ಇಂಟರ್‌ಲಾಕನ್ನಿನ ಪ್ರತಿಮೆ, ಪಂಪನ ಬನವಾಸಿ

ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್ ಪಟ್ಟಣದಲ್ಲಿ 2016ರಲ್ಲಿ ಹಿಂದಿ ಚಿತ್ರನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆ ಸ್ಥಾಪನೆಗೊಂಡಿತು. ಅವರ ಚಿತ್ರಗಳು ಭಾರತೀಯ ಪ್ರವಾಸಿಗರನ್ನು ಆಲ್ಪ್ಸ್ ಪರ್ವತಗಳತ್ತ ಸೆಳೆದುದಕ್ಕೆ ಸಂದ ಕೃತಜ್ಞತೆಯಿದು. ಆದರೆ ಆ ಚಿತ್ರಗೀತೆಗಳಲ್ಲಿ ಹಿಮವಿದೆ, ಹುಲ್ಲುಗಾವಲಿದೆ. ಸ್ವಿಸ್ ಜನರ ಬದುಕು ಇಲ್ಲವೆನ್ನುವಷ್ಟು ವಿರಳ. ನಾಡೆಂಬುದು ಅಲ್ಲಿ ಬರಿಯ ಹಿನ್ನೆಲೆಯ ಪರದೆ.

ಪಂಪನಾದರೋ 'ವಿಕ್ರಮಾರ್ಜುನ ವಿಜಯ'ದಲ್ಲಿ ಬನವಾಸಿಯನ್ನು ನೆನೆಯುವಾಗ ಮಾವು ಮಲ್ಲಿಗೆಗಳಲ್ಲಿಯೇ ನಿಲ್ಲಲಿಲ್ಲ. ಅಲ್ಲಿಯವರ ತ್ಯಾಗ, ಭೋಗ, ವಿದ್ಯೆ, ಗಾನ, ಗೋಷ್ಠಿಗಳನ್ನೂ ಎಣಿಸಿದ. (ಆತನಿಗೆ ಪ್ರವಾಸೋದ್ಯಮ ಇಲಾಖೆಯ ಹಂಗಿರಲಿಲ್ಲವೆನ್ನಿ!) ಇಲ್ಲಿ ಚಿತ್ರೀಕರಿಸುವ ವಿದೇಶಿ ಚಿತ್ರಗಳಿಗೆ ಭಾರತ ಸರ್ಕಾರವು 2022ರಲ್ಲಿ ಪ್ರೋತ್ಸಾಹಧನ ಘೋಷಿಸಿತು. ಆ ಊರಿನ ನುಡಿ, ಕಸುಬು, ಹಬ್ಬಗಳು ಕಥೆಯೊಳಗೆ ಬಂದರೆ ಹೆಚ್ಚಿನ ಧನವೆಂಬ ನಿಯಮವನ್ನೂ ಅದಕ್ಕೆ ಸೇರಿಸುವುದು ಯುಕ್ತ.