ನಗಬೇಕಾದ್ದು ಉತ್ತರಕುಮಾರನಿಗೆ

ಕಳೆದ ವರ್ಷದ ಫೆಸ್ಟ್‌ನಲ್ಲಿ ನಮ್ಮ ಕನ್ನಡ ಸಂಘದ ಸ್ಕಿಟ್‌ಗೆ ಬಿದ್ದ ಶಿಳ್ಳೆ ನಿಮಗೆ ನೆನಪಿರಬಹುದು. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಹಾಸ್ಟೆಲ್‌ಗೆ ಬರುತ್ತಾನೆ. ಅವನ ಮಾತು ಯಾರಿಗೂ ಅರ್ಥ ಆಗೋದಿಲ್ಲ. ಹಿಂದಿನಿಂದ ನೈಟಿ ತೊಟ್ಟ ಅವನ 'ಅಮ್ಮ' ಉಪ್ಪಿನಕಾಯಿ ಭರಣಿ ಹಿಡಿದು ಓಡಿ ಬರುತ್ತಾಳೆ. ಅಷ್ಟೇ ಕಥೆ. ನೈಟಿ ತೊಟ್ಟವನು ಸೊಂಟ ಕುಣಿಸಿದಾಗಲೆಲ್ಲ ಹಾಲ್‌ಗೆ ಹಾಲೇ ಕೂಗಿತು. ನಾವು ಗೆದ್ದೆವು ಅಂದುಕೊಂಡೆವು.

ಆ ಹುಡುಗ ಕಲ್ಪನೆಯವನಲ್ಲ, ನಮ್ಮದೇ ಸಂಘದ ಗೆಳೆಯ. ಅವನ ಮಾತಿನ ಧಾಟಿ ಕದ್ದೇ ಡೈಲಾಗ್ ಬರೆದಿದ್ದೆವು. ಅವತ್ತು ಅವನೂ ಮುಂದಿನ ಸಾಲಲ್ಲಿ ಕೂತು ನಕ್ಕಿದ್ದ. ಈ ವರ್ಷ "ನೀನೂ ಏನಾದ್ರೂ ಮಾಡೋ" ಅಂತ ಕೇಳಿದರೆ, "ಬೇಡ ಮಾರಾಯ, ನಾ ಸ್ಟೇಜ್ ಹತ್ತಿ ಬಾಯಿ ಬಿಟ್ರೆ ಸಾಕು, ಜನ ನಗಾಡ್ತಾರೆ. ಜೋಕ್ ಹೇಳೋದೇ ಬೇಡ" ಅಂದ. ನಗುತ್ತಲೇ ಅಂದ. ನಮಗೆ ಮಾತ್ರ ನಗು ಬರಲಿಲ್ಲ.

ಜನವರಿ ರಜೆಯಲ್ಲಿ ನಾವು ಐದು ಜನ ಸಾಗರದ ಇನ್ನೊಬ್ಬ ಗೆಳೆಯನ ಮನೆಗೆ ಹೋಗಿದ್ದೆವು. ಹೊಸನಗರ ತಾಲ್ಲೂಕಿನ ಒಂದು ಊರಲ್ಲಿ ಹರಕೆ ಆಟ ಇದೆ ಅಂತ ಗೊತ್ತಾಗಿ, ಊಟ ಮುಗಿಸಿ ಕಂಬಳಿ ಹೊದ್ದು ಹೊರಟೆವು. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ. ಬಡಗುತಿಟ್ಟಿನ ಯಕ್ಷಗಾನ, ಪ್ರಸಂಗ ವಿರಾಟಪರ್ವ. ನಮ್ಮಲ್ಲಿ ಮೂವರಿಗೆ ಅದೇ ಮೊದಲ ಆಟ. ಬೆಳಗಿನವರೆಗೆ ಕೂರೋದು ಹೇಗಪ್ಪಾ ಅನ್ನೋ ಭಯವೂ ಇತ್ತು.

ಕಥೆ ನಿಮಗೆ ಗೊತ್ತಿದ್ದದ್ದೇ. ಕೌರವರು ವಿರಾಟನ ಗೋವುಗಳನ್ನು ಹೊಡೆದುಕೊಂಡು ಹೋಗ್ತಾರೆ. ಗೋಪಾಲಕ ಓಡಿ ಬಂದು ದೂರು ಕೊಡ್ತಾನೆ. ಊರಲ್ಲಿ ಉಳಿದಿರುವವನು ರಾಜಕುಮಾರ ಉತ್ತರ ಒಬ್ಬನೇ. ಅಂತಃಪುರದ ಹೆಂಗಸರ ಮುಂದೆ ನಿಂತು ಭೀಷ್ಮನನ್ನು ಹೀಗೆ ಕೆಡವುತ್ತೇನೆ, ದ್ರೋಣನನ್ನು ಹಾಗೆ ಓಡಿಸುತ್ತೇನೆ ಅಂತ ಕೊಚ್ಚಿಕೊಳ್ಳುತ್ತಾನೆ. ನಿಜವಾದ ಸೈನ್ಯ ಕಂಡ ಕೂಡಲೇ ರಥದಿಂದ ಹಾರಿ ಓಟ. ಅವನನ್ನು ಹಿಡಿದು ತರುವವಳು ಸಾರಥಿ ಬೃಹನ್ನಳೆ, ಅಂದರೆ ಹೆಣ್ಣಿನ ಉಡುಪಿನಲ್ಲಿ ಅಜ್ಞಾತವಾಸ ಕಳೆಯುತ್ತಿರುವ ಅರ್ಜುನ.

ಇಲ್ಲಿ ಗಮನಿಸಿ. ರಂಗದ ಮೇಲೆ ಇಬ್ಬರಿದ್ದಾರೆ. ಒಬ್ಬ ಬಡಾಯಿ ಕೊಚ್ಚುವ ರಾಜಕುಮಾರ, ಇನ್ನೊಬ್ಬ ಸೀರೆ ಉಟ್ಟ ಗಂಡಸು. ನಮ್ಮ ಸ್ಕಿಟ್ ಟೀಮಿಗೆ ಈ ದೃಶ್ಯ ಕೊಟ್ಟಿದ್ದರೆ ಯಾರನ್ನು ಜೋಕ್ ಮಾಡ್ತಿದ್ದೆವು? ಉತ್ತರ ಹೇಳೋದೇ ಬೇಡ. ಆದರೆ ಆ ರಾತ್ರಿ ಬೃಹನ್ನಳೆಯ ನಡಿಗೆಗೆ ಒಬ್ಬರೂ ಶಿಳ್ಳೆ ಹೊಡೆಯಲಿಲ್ಲ. ಗದ್ದೆ ತುಂಬ ಜನ ಹೊಟ್ಟೆ ಹಿಡಿದು ನಕ್ಕಿದ್ದು ಉತ್ತರಕುಮಾರನ ಪೌರುಷಕ್ಕೆ. ನಮ್ಮ ಪಕ್ಕ ಕೂತಿದ್ದ ಅಜ್ಜ ನಮ್ಮ ಕಡೆ ತಿರುಗಿ, "ಪರೀಕ್ಷೆ ಹಿಂದಿನ ದಿನ ನೀವೂ ಹಿಂಗೇ ಅಲ್ದನಾ?" ಅಂದರು. ನಮಗೇ ಬಿತ್ತು ಏಟು!

ಎರಡನೇ ಪಾಠ ಹಿಮ್ಮೇಳದ್ದು. ಯಕ್ಷಗಾನದಲ್ಲಿ ಪದ್ಯ ಮೊದಲೇ ಬರೆದದ್ದು, ಮಾತು ಮಾತ್ರ ಅಲ್ಲೇ ಹುಟ್ಟುವಂಥದ್ದು. ಭಾಗವತರು ತಾಳ ಹಿಡಿದು ಹಿಂದೆ ಕೂತಿರುತ್ತಾರೆ, ಜೊತೆಗೆ ಮದ್ದಳೆ, ಚಂಡೆ. ಉತ್ತರನ ಬಡಾಯಿಗೆ ಭಾಗವತರೇ ನಡುವೆ "ಹೌದಾ?" ಅಂತ ಕೊಕ್ಕೆ ಹಾಕ್ತಾರೆ. ಜನ ನಗುತ್ತಿದ್ದರೆ ಮುಂದಿನ ಪದ್ಯ ಎತ್ತುವುದೇ ಇಲ್ಲ, ಕಾಯುತ್ತಾರೆ. ಸಪ್ಪೆ ಆಯಿತು ಅನ್ನಿಸಿದರೆ ತಕ್ಷಣ ಪದ್ಯ. ಉತ್ತರ ಓಡುವಾಗ ಅವನ ಹೆಜ್ಜೆ ಹೆಜ್ಜೆಗೂ ಚಂಡೆಯ ಪೆಟ್ಟು. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದ್ತೀವಲ್ಲ ಕ್ಲೋಸ್ಡ್ ಲೂಪ್, ಅದನ್ನು ಕಣ್ಣಾರೆ ಕಂಡಿದ್ದು ಅವತ್ತು. ನಮ್ಮ ಸ್ಕಿಟ್ ಓಪನ್ ಲೂಪ್. ಪೆನ್‌ಡ್ರೈವ್‌ನಲ್ಲಿದ್ದ ಟ್ರ್ಯಾಕ್‌ಗೆ ಜನ ನಕ್ಕರೋ ಇಲ್ಲವೋ ಗೊತ್ತಾಗೋದಿಲ್ಲ. ನಗು ಮುಗಿಯುವ ಮೊದಲೇ ಮುಂದಿನ ಡೈಲಾಗ್ ಬಂದುಬಿಡುತ್ತೆ, ಅದು ಯಾರಿಗೂ ಕೇಳಿಸೋದಿಲ್ಲ. ಹಾಗಾಗಿ ಕಿವಿ ಬೇಕಿಲ್ಲದ ಜೋಕನ್ನೇ ಹುಡುಕುತ್ತೇವೆ. ನೈಟಿ, ಸೊಂಟ, ಬೀಳೋದು, ಏಳೋದು.

ಯಕ್ಷಗಾನದ ಹಾಸ್ಯವೆಲ್ಲ ಚಿನ್ನ ಅಂತ ನಾವು ಹೇಳ್ತಾ ಇಲ್ಲ. ಡೇರೆ ಮೇಳದ ಆಟಗಳಲ್ಲೂ, ಜಾತ್ರೆಗೆ ಬರುವ ಕಂಪನಿ ನಾಟಕಗಳಲ್ಲೂ ಡಬಲ್ ಮೀನಿಂಗ್ ಧಾರಾಳ ಸಿಗುತ್ತೆ, ಅದಕ್ಕೂ ಶಿಳ್ಳೆ ಬೀಳುತ್ತೆ. ಡಿಜೆ ಬೇಡ ಅಂತಲೂ ಅಲ್ಲ. ಒಳ್ಳೆಯ ಡಿಜೆ ಕೂಡ ಜನರ ಮುಖ ನೋಡಿಯೇ ಹಾಡು ಬದಲಿಸುತ್ತಾನೆ. ನಾವು ಹೇಳೋದು ಇಷ್ಟೇ: ನಗಿಸುವುದು ಒಂದು ಕಸುಬು. ಕಲಿಯದೆ ಬರೋದಿಲ್ಲ.

ಕಲಿಯೋಕೆ ದೂರ ಹೋಗಬೇಕಾಗಿಯೂ ಇಲ್ಲ. ಸಂಪ್ರದಾಯದ ಆಟಗಳಲ್ಲಿ ಮುಖ್ಯ ಕಥೆಗೆ ಮೊದಲು ಕೋಡಂಗಿ ವೇಷ ಬರುತ್ತದೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಕಾಲು ಬಳಗಿಸಿಕೊಳ್ಳುತ್ತಿದ್ದದ್ದು, ಸಭೆಯ ಹೆದರಿಕೆ ಬಿಡುತ್ತಿದ್ದದ್ದು ಅದರಲ್ಲೇ. ಸಾಗರ ತಾಲ್ಲೂಕಿನ ಹೆಗ್ಗೋಡು ನೋಡಿ. 1949ರಲ್ಲಿ ಹಳ್ಳಿಯವರೇ ಸೇರಿ ಕಟ್ಟಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರು ಮಾಡಿತು, 1985ರಿಂದ ತಿರುಗಾಟದಲ್ಲಿ ಊರೂರಿಗೆ ನಾಟಕ ಒಯ್ಯುತ್ತಿದೆ. ಅಡಿಕೆ ತೋಟದ ನಡುವಿನ ಹಳ್ಳಿಯೊಂದು ರಂಜನೆಯನ್ನು ಇಷ್ಟು ಗಂಭೀರವಾಗಿ ತಗೊಂಡಿದೆ. ನಾವು ಫೆಸ್ಟ್‌ಗೆ ಎರಡು ದಿನ ಮುಂಚೆ ಕ್ಯಾಂಟೀನ್‌ನಲ್ಲಿ ಕೂತು ಸ್ಕಿಟ್ ಬರೀತೀವಿ!

ಆದ್ದರಿಂದ ಈ ಸಲ ಸಂಘದ ಸ್ಕಿಟ್‌ಗೆ ನಾವೇ ಎರಡು ನಿಯಮ ಹಾಕಿಕೊಂಡಿದ್ದೇವೆ. ಒಂದು, ಟ್ರ್ಯಾಕ್ ಇಲ್ಲ. ತಬಲಾ, ಕಹಾನ್, ಗಿಟಾರ್, ಯಾರಿಗೆ ಏನು ಬರುತ್ತೋ ಅದನ್ನು ಸ್ಟೇಜ್ ಮೇಲೇ ನುಡಿಸಬೇಕು. ಎರಡು, ಯಾರ ಭಾಷೆ, ಯಾರ ಅಮ್ಮ, ಯಾರ ಮೈ ಜೋಕ್ ಆಗಬಾರದು. ಬಡಾಯಿ ಕೊಚ್ಚುವವರು ಕ್ಯಾಂಪಸ್‌ನಲ್ಲಿ ಬೇಕಾದಷ್ಟು ಇದ್ದಾರೆ. ಪ್ಲೇಸ್‌ಮೆಂಟ್ ಪ್ಯಾಕೇಜ್ ಬಗ್ಗೆ ಜೂನಿಯರ್‌ಗಳ ಮುಂದೆ ಪೌರುಷ ಹೇಳಿ, ಆಪ್ಟಿಟ್ಯೂಡ್ ಟೆಸ್ಟ್ ದಿನ ಹೊಟ್ಟೆನೋವು ಅಂತ ಮಲಗುವ ಸೀನಿಯರ್‌ಗಳು, ನಾವೂ ಸೇರಿ. ನಗಬೇಕಾದ್ದು ಅವರಿಗೆ.

ತೀರ್ಥಹಳ್ಳಿಯ ಗೆಳೆಯನ ಹತ್ತಿರ ಕ್ಷಮೆ ಕೇಳಿದೆವು. "ಅದೆಲ್ಲ ಎಂತಕ್ಕೆ, ಬಿಡಿ ಮಾರಾಯ್ರೆ" ಅಂದ. ಸ್ಕಿಟ್ ಬರೆಯೋಕೆ ಕೂತಾಗ ಕರೆದೆವು. ತಡವಾಗಿಯಾದರೂ ಬಂದ. ಮೊದಲ ಡ್ರಾಫ್ಟ್ ಪೂರ್ತಿ ಓದಿ, "ಇದು ಒಳ್ಳೇದುಂಟು, ಆದ್ರೆ ನಗು ಬರೋದಿಲ್ಲ" ಅಂದ.

ಅವನು ಹೇಳಿದ್ದು ಸರಿ. ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಬರೀತಾ ಇದ್ದೇವೆ.