ಮನೆಯ ಅಂದಕ್ಕೆ ಹಣವೇ ಬೇಕೇ?

ಹಬ್ಬ ಹತ್ತಿರ ಬಂತೆಂದರೆ ನಮ್ಮ ಅನೇಕ ಮನೆಗಳಲ್ಲಿ ಒಂದು ಚಿಂತೆ ಹುಟ್ಟುತ್ತದೆ. ಗೋಡೆಗೆ ಬಣ್ಣ, ಬಾಗಿಲಿಗೆ ಹೊಸ ಪರದೆ, ಮೇಜಿನ ಮೇಲೆ ಪ್ಲಾಸ್ಟಿಕ್ ಹೂಗೊಂಚಲು ಇಲ್ಲದಿದ್ದರೆ ಬಂದವರು ಏನೆಂದುಕೊಂಡಾರು ಎಂಬ ಅಳುಕು. ಇದಕ್ಕಾಗಿ ಕೈಗಡ ತರುವವರೂ ಉಂಟು. ಮನೆ ಚೆನ್ನಾಗಿಲ್ಲವೆಂದು ಸಹಪಾಠಿಗಳನ್ನು ಕರೆಯಲು ನಾಚುವವರು ನಮ್ಮಲ್ಲೇ ಇದ್ದಾರೆ. ಈ ನಾಚಿಕೆ ಅನವಶ್ಯಕವೆಂದು ನಮ್ಮ ಅಭಿಪ್ರಾಯ. ಮನೆಗೆ ಅಂದ ಬರುವುದು ಮನೆಯವರ ಕೈಯಿಂದ.

ನಮ್ಮ ತಳಿಯ ತಂಪು ಹವೆಯನ್ನು ಮೆಚ್ಚಿ ಬ್ರಿಟಿಷರು ಇದನ್ನು 'ಲಿಟಲ್ ಇಂಗ್ಲೆಂಡ್' ಎಂದು ಕರೆದರು. ಹೊಸೂರು ಸೀಮೆಯ ಗುಲಾಬಿ ದೇಶವಿದೇಶಗಳಿಗೆ ಹೋಗುತ್ತದೆ. ಇಂತಹ ಊರಿನಲ್ಲಿದ್ದು ನಾವು ಪ್ಲಾಸ್ಟಿಕ್ ಹೂವನ್ನು ಕೊಂಡು ತರುವುದು ವಿಚಿತ್ರವಲ್ಲವೇ?

ನಮ್ಮ ಹಿರಿಯರು ಸುಣ್ಣಕ್ಕೆ ಚಿಟಿಕೆ ನೀಲಿ, ಸ್ವಲ್ಪ ಅಂಟು ಬೆರೆಸಿ ಗೋಡೆಗೆ ಬಳಿಯುತ್ತಿದ್ದರು. ನೀಲಿಯಿಂದ ಬಿಳುಪು ಹೆಚ್ಚುತ್ತಿತ್ತು, ಅಂಟಿನಿಂದ ಸುಣ್ಣ ಉದುರದೆ ನಿಲ್ಲುತ್ತಿತ್ತು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ನೆಲಕ್ಕೆ ಸಾರಣೆ, ಬಾಗಿಲಿಗೆ ಮಾವಿನ ತೋರಣ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಹೆಂಗಸರು ಅಕ್ಕಿಹಿಟ್ಟು, ಕೆಮ್ಮಣ್ಣು, ಹುರಿದು ಕಪ್ಪಾಗಿಸಿದ ಅಕ್ಕಿಯ ಬಣ್ಣಗಳಿಂದ ಹಸೆ ಚಿತ್ತಾರ ಬರೆಯುತ್ತಾರೆ. ಅವರ ಕುಂಚವೂ ಪುಂಡಿ ನಾರಿನದು. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ, ಧೋತರಗಳೇ ಕೌದಿಯಾಗುತ್ತವೆ. ಚಂಡೀಗಢದಲ್ಲಿ ರಸ್ತೆ ಇಲಾಖೆಯ ನೌಕರರಾಗಿದ್ದ ನೇಕ್ ಚಂದ್ ಅವರು 1957ರಲ್ಲಿ ಒಡೆದ ಬಳೆ, ಹೆಂಚು, ಪಿಂಗಾಣಿ ಚೂರುಗಳನ್ನು ಕೂಡಿಹಾಕಿ ಒಬ್ಬರೇ ಒಂದು ಉದ್ಯಾನ ಕಟ್ಟತೊಡಗಿದರು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಇಂದು ಲೋಕವೇ ಅದನ್ನು ನೋಡಲು ಬರುತ್ತದೆ.

ನಾವು ಮಾಡಬಹುದಾದುದೇನು? ಹಳೆಯ ನೂಲಿನ ಸೀರೆ ಸುಮಾರು 5.5 ಮೀಟರ್ ಉದ್ದ, ಬಾಗಿಲು ಸುಮಾರು 2 ಮೀಟರ್ ಎತ್ತರ. ಲೆಕ್ಕ ಹಾಕಿದರೆ ಅಂಚು ಮಡಿಸಿ ಹೊಲಿದ ಮೇಲೂ ಎರಡು ಪರದೆ, ಉಳಿದುದರಲ್ಲಿ ಒಂದು ದಿಂಬಿನ ಚೀಲ. ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು 2019ರ ಜನವರಿ 1ರಿಂದ ನಿಷೇಧಿಸಿ, 2021ರಲ್ಲಿ ಹಳದಿ ಬಟ್ಟೆಚೀಲವನ್ನು ಮತ್ತೆ ಬಳಕೆಗೆ ತರಲು ಸರ್ಕಾರವೇ ಆಂದೋಲನ ಹೂಡಿತು. ಮದುವೆಮನೆಯಿಂದ ಬಂದ ಅಂತಹ ನಾಲ್ಕು ಚೀಲಗಳನ್ನು ಒಂದು ಕೋಲಿಗೆ ಸಾಲಾಗಿ ಹೊಲಿದು ಗೋಡೆಗೆ ತೂಗುಹಾಕಿದರೆ ಅಣ್ಣತಂಗಿಯರ ನೋಟುಪುಸ್ತಕಗಳಿಗೆಲ್ಲ ಜಾಗವಾಯಿತು. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಹಿಡಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಕೆಲವೇ ದಿನಗಳಲ್ಲಿ ಹಸುರು ಏಳುತ್ತದೆ. ದಸರಾ ಗೊಂಬೆಯ ಮುಂದೆ ಉದ್ಯಾನ ಮಾಡುವುದು ಹೀಗೆಯೇ. ಆ ಗೊಂಬೆಗಳ ಮೆಟ್ಟಿಲೂ ಹಲವು ಮನೆಗಳಲ್ಲಿ ಟ್ರಂಕು, ಡಬ್ಬಗಳ ಮೇಲೆ ಹಾಸಿದ ಬಿಳಿ ಪಂಚೆಯೇ. ಇದು ಹೆಣ್ಣುಮಕ್ಕಳ ಕೆಲಸವೆಂದು ಗಂಡುಹುಡುಗರು ದೂರ ನಿಲ್ಲಬಾರದು.

ಆದರೆ ಉಳಿತಾಯದ ಹೆಸರಿನಲ್ಲಿ ಅಪಾಯ ತಂದುಕೊಳ್ಳಬಾರದು. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಎಷ್ಟು ತೊಳೆದರೂ ಮನೆಯೊಳಗೆ ತರಬಾರದು. ನೀರು ನಿಂತ ಚಿಪ್ಪು, ಡಬ್ಬಿಗಳಲ್ಲಿ ಡೆಂಗ್ಯೂ ಸೊಳ್ಳೆ ಸುಮಾರು 7ರಿಂದ 10 ದಿನಗಳಲ್ಲಿ ಬಲಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ ಉಜ್ಜಬೇಕು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಅದನ್ನು ಹಿರಿಯರೇ ಅರಳಿಸಲಿ. ಹಳೆಯ ವಿದ್ಯುತ್ ತಂತಿಯನ್ನು ಅಲಂಕಾರಕ್ಕೆ ಬಳಸುವುದಂತೂ ಬೇಡವೇ ಬೇಡ.

'ಇವೆಲ್ಲ ಬಡವರ ಉಪಾಯ' ಎಂದು ಕೆಲವರು ನಗಬಹುದು. ಸೋರುವ ಸೂರಿಗೆ ತೋರಣ ಪರಿಹಾರವಲ್ಲವೆಂದು ನಾವೂ ಬಲ್ಲೆವು. ಅದಕ್ಕಾಗಿಯೇ ಹೇಳುತ್ತೇವೆ, ಪರದೆಯಲ್ಲಿ ಉಳಿದ ಹಣ ಸೂರಿಗೆ ಹೋಗಲಿ, ಓದುವ ಮೂಲೆಗೆ ಒಳ್ಳೆಯ ದೀಪ ಬರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದರು ಹಿರಿಯರು. ಆ ಹಾಸಿಗೆಯನ್ನು ಕೌದಿಯಾಗಿ ಹೊಲಿಯಲೂ ಅವರೇ ಕಲಿಸಿದ್ದಾರೆ.

ಇನ್ನೊಂದು ಮಾತು. ನಾವು ತಮಿಳುನಾಡಿನಲ್ಲಿದ್ದು ಕನ್ನಡದಲ್ಲಿ ಓದುವವರು. ಬಸ್ಸಿನ ಫಲಕ, ಕಚೇರಿಯ ಕಾಗದ ತಮಿಳಿನಲ್ಲಿರುವುದು ಸಹಜ, ತಮಿಳನ್ನೂ ನಾವು ಪ್ರೀತಿಯಿಂದಲೇ ಕಲಿಯುತ್ತೇವೆ. ಆದರೆ ಸಾರಣೆ, ಕೆಮ್ಮಣ್ಣು, ಗೂಡು, ಸಿಂಬಿ, ನಿಲುವು ಎಂಬ ಮಾತುಗಳು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಅಜ್ಜಿಯರ ಬಾಯಲ್ಲಿವೆ. ಅಜ್ಜಿಯ ಪಕ್ಕದಲ್ಲಿ ನಿಂತು ಸುಣ್ಣ ಬಳಿದರೆ ಕೆಲಸದೊಡನೆ ಆ ಮಾತೂ ನಮ್ಮದಾಗುತ್ತದೆ. ಅಂಗಡಿಯ ಪರದೆಯೊಡನೆ ಒಂದು ಮಾತೂ ಬರುವುದಿಲ್ಲ.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಹಬ್ಬಕ್ಕೆ ಮನೆಯ ಒಂದು ಗೋಡೆಯನ್ನು ನಮಗೆ ಬಿಟ್ಟುಕೊಡಿ. ಗೆರೆ ಸೊಟ್ಟಗಾದರೆ ಗದರಬೇಡಿ. ಗೆಳೆಯರೇ, ಆ ಗೋಡೆಯನ್ನು ತೋರಿಸಲು ಸಹಪಾಠಿಗಳನ್ನು ಮನೆಗೆ ಕರೆಯಿರಿ.